ನಮ್ಮ ಯಜಮಾನರ ರೇಸು, ನನ್ನ ಎಂಟು ಸುತ್ತು

ನಮ್ಮ ಯಜಮಾನರು ಮೂವತ್ತೊಂದು ವರ್ಷ ಕಾರು ರೇಸು ಓಡಿಸಿದರು, ಒಂದೇ ಒಂದನ್ನೂ ಮುಗಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ರೇಸು ಓಡಿಸುವವರ ಹೆಂಡತಿ ಅಂದ ತಕ್ಷಣ ಜನ ನಮ್ಮ ಮನೆಯ ಶೋಕೇಸಿನ ಕಡೆ ಕತ್ತು ಉದ್ದ ಮಾಡುತ್ತಾರೆ. ಅಲ್ಲಿರುವ ಒಂದೇ ಕಪ್ಪು ನನ್ನದು. ಶಿಕ್ಷಕರ ದಿನಾಚರಣೆಯಲ್ಲಿ ಬಾಯಲ್ಲಿ ಚಮಚ, ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದಕ್ಕೆ ಬಂದದ್ದು. ಅದೂ ಎರಡನೇ ಬಹುಮಾನ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಇವರು ನೀರು ಸರಬರಾಜು ಕಚೇರಿಯಲ್ಲಿ ಇಂಜಿನಿಯರ್. ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಮನೆ. ಇವರಷ್ಟು ಸಾಧು ಮನುಷ್ಯ ನಮ್ಮ ಬೀದಿಯಲ್ಲೇ ಇಲ್ಲ. ತರಕಾರಿಯವಳು ಕೊಳೆತ ಬದನೆಕಾಯಿ ಕೊಟ್ಟರೆ 'ಪಾಪ, ಅವಳಿಗೂ ಯಾರೋ ಕೊಟ್ಟಿರ್ತಾರೆ' ಅನ್ನುವವರು. ಸ್ಕೂಟರಿನಲ್ಲಿ ಹೋಗುವಾಗ ನಾಯಿ ಅಡ್ಡ ಬಂದರೆ ನಿಲ್ಲಿಸಿ, ಅದು ಯೋಚನೆ ಮಾಡಿ ದಾಟುವವರೆಗೂ ಕಾಯುತ್ತಾರೆ. ವರ್ಷಕ್ಕೆ ಒಂದು ಸಲ, ತಲೆಗೆ ಹೆಲ್ಮೆಟ್ ಏರಿದಾಗ ಮಾತ್ರ, ಮೈಮೇಲೆ ದೇವರು ಬಂದವರ ಹಾಗೆ ಆಡುತ್ತಾರೆ.

ಇವರದು ಕಣ್ಣು ಮಿಟುಕಿಸುವುದರಲ್ಲಿ ಮುಗಿಯುವ ಓಟವಲ್ಲ. ಆರು ಗಂಟೆ ಒಂದೇ ಸಮನೆ ಅದೇ ಟ್ರ್ಯಾಕನ್ನು ಸುತ್ತಬೇಕು. ಇಬ್ಬರು ಮೂವರು ಸರದಿಯ ಮೇಲೆ ಓಡಿಸಬಹುದು. ಆರು ಗಂಟೆ ತುಂಬಿದಾಗ ಕಪ್ಪು ಬಿಳಿ ಚೌಕುಳಿ ಬಾವುಟ ಬೀಸುತ್ತಾರೆ. ಆಗ ಯಾವ ಕಾರು ತಾನಾಗಿ ಓಡುತ್ತಾ ಗೆರೆ ದಾಟುತ್ತದೋ ಅದು ಮಾತ್ರ ಮುಗಿಸಿದ ಹಾಗೆ. ಐದು ಗಂಟೆ ಐವತ್ತೊಂಬತ್ತು ನಿಮಿಷ ಓಡಿ ಕೆಟ್ಟು ನಿಂತರೆ ಮನೆಯಲ್ಲೇ ಮಲಗಿದ್ದವನಿಗೂ ನಿಮಗೂ ವ್ಯತ್ಯಾಸವಿಲ್ಲ. ಇವರಿಗೆ ಕಪ್ಪು ಬೇಡ, ಹಾರ ಬೇಡ. ಒಂದು ಸಲ, ಸ್ಟೀರಿಂಗ್ ಹಿಂದೆ ತಾನೇ ಕೂತು, ಆ ಬಾವುಟದ ಕೆಳಗೆ ಹಾದು ಹೋಗಬೇಕು. ಇಷ್ಟೇ ಆಸೆ. ಇಷ್ಟೇ ಆಸೆಗೆ ಮೂವತ್ತೊಂದು ವರ್ಷ.

ಈ ಹುಚ್ಚು ಎಲ್ಲಿಂದ ಬಂತು ಅಂದರೆ ನಮ್ಮ ಅತ್ತೆ ಅರಮನೆಯ ಕಡೆ ಕೈ ತೋರಿಸುತ್ತಿದ್ದರು. ಇವರ ತಾತ ಅರಮನೆಯ ಮೋಟಾರುಖಾನೆಯಲ್ಲಿದ್ದರಂತೆ. ನಮ್ಮ ಮದುವೆಯ ಮಾತುಕತೆಯಲ್ಲೂ 'ಮಹಾರಾಜರ ಕಾರು ಓಡಿಸಿದ ವಂಶ' ಅನ್ನುವ ಮಾತು ಬಂದಿತ್ತು, ನಮ್ಮ ಅಪ್ಪ ಅದಕ್ಕೇ ಸೋತುಹೋದರು. ಮದುವೆಯಾಗಿ ನಾಲ್ಕು ವರ್ಷಕ್ಕೆ ಅಟ್ಟ ಗುಡಿಸುವಾಗ ತಾತನ ಪುಸ್ತಕ ಸಿಕ್ಕಿತು. ತಾತ ಗುಮಾಸ್ತರು. ಯಾವ ಕಾರು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ವಾಪಸು ಬಂತು ಅಂತ ಬರೆದಿಡುವುದು ಅವರ ಕೆಲಸ. ಅವರು ಸಾಯುವವರೆಗೂ ಸೈಕಲ್ಲಿನಲ್ಲೇ ಓಡಾಡಿದರು. ಅತ್ತೆಗೆ ಪುಸ್ತಕ ತೋರಿಸಿದೆ. 'ಕಾರು ಓಡಿಸ್ದೋರು ಯಾರು, ಓಡಿಸಿದ್ದನ್ನ ಬರೆದೋರು ಯಾರು, ಈಗ ಯಾಕಮ್ಮ ಅದೆಲ್ಲ,' ಅಂದುಬಿಟ್ಟರು.

ಇನ್ನೊಂದು ಕಾರಣವೂ ಇತ್ತು. ಹಳೆಯ ಪುಸ್ತಕದ ಗಾಡಿಯಲ್ಲಿ ಇವರಿಗೆ ಇಂಗ್ಲೆಂಡಿನ ಒಂದು ಹರಿದ ಪತ್ರಿಕೆ ಸಿಕ್ಕಿತ್ತು. ಅದರಲ್ಲಿ ಒಬ್ಬ ಬಿಳಿ ಗಡ್ಡದ ಮುದುಕನ ಚಿತ್ರ. ವಾರವೆಲ್ಲ ಯಾವುದೋ ಹಳ್ಳಿಯಲ್ಲಿ ಅಂಚೆ ಕಚೇರಿ ನೋಡಿಕೊಳ್ಳುವುದು, ಭಾನುವಾರ ತನ್ನ ಪುಟ್ಟ ಸ್ಪೋರ್ಟ್ಸ್ ಕಾರು ತೆಗೆದುಕೊಂಡು ರೇಸಿಗೆ ಹೋಗುವುದು, ಹೀಗೇ ನಲವತ್ತು ವರ್ಷ ಕಳೆದವನಂತೆ. ಕೈಯಲ್ಲಿ ಫ್ಲಾಸ್ಕು, ಪಕ್ಕದಲ್ಲಿ ಹೆಂಡತಿ. ಹೆಸರಿದ್ದ ತುಂಡು ಹರಿದುಹೋಗಿತ್ತು. ಇವರು ಆ ಪುಟ ಕತ್ತರಿಸಿ ಬೀರುವಿನ ಒಳಬಾಗಿಲಿಗೆ ಅಂಟಿಸಿದರು. ಸೀರೆ ತೆಗೆಯಲು ಹೋದಾಗಲೆಲ್ಲ ನಾನು ನೋಡುತ್ತಿದ್ದುದು ಆ ಹೆಂಗಸಿನ ಮುಖವನ್ನು. ನಗುತ್ತಿದ್ದಳು ನಿಜ, ಆದರೆ ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು. ಅವಳ ಕಷ್ಟ ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

ಕಾರು ಹುಟ್ಟಿದ್ದು ನಜರ್‌ಬಾದಿನ ಒಂದು ಶೆಡ್ಡಿನಲ್ಲಿ. ಅಪಘಾತವಾಗಿ ಹಿಂಭಾಗ ನಜ್ಜುಗುಜ್ಜಾಗಿದ್ದ ಕಾರೊಂದನ್ನು ತಂದು, ನಮ್ಮ ಮೇಸ್ತ್ರಿ ಅದರ ಸೊಂಟಕ್ಕೇ ಗರಗಸ ಹಾಕಿ, ಎರಡು ಸೀಟಿನದಾಗಿ ಮಾಡಿ, ಕೆಂಪು ಬಣ್ಣ ಬಳಿದರು. ಮೇಸ್ತ್ರಿ ನಂಜನಗೂಡಿನ ಕಡೆಯ ಹಳ್ಳಿಯವರು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾರೆ. ಆದರೆ ವಾಸಿ ಮಾಡುತ್ತಾರೆ ಅಂತ ಮಾತ್ರ ಹೇಳಲಾರೆ. ಕಾರು ಮೊದಲ ಸಲ ನಮ್ಮ ಬೀದಿಗೆ ಬಂದಾಗ ಎದುರು ಮನೆಯ ಪ್ರೊಫೆಸರು ಗೇಟಿನ ಹತ್ತಿರ ಬಂದು ಬಹಳ ಹೊತ್ತು ನೋಡಿದರು.

"ಮಿಕ್ಕಿದ್ದು ಯಾವಾಗ ಬರತ್ತೆ?" ಅಂತ ಕೇಳಿದರು.

ಅವತ್ತಿನಿಂದ ಬೀದಿಯಲ್ಲಿ ಅದಕ್ಕೆ 'ಅರ್ಧ ಕಾರು' ಅಂತಲೇ ಹೆಸರು.

ಮೊದಲ ರೇಸಿನಲ್ಲಿ ಹಿಂದಿನ ಚಕ್ರ ಕಳಚಿಕೊಂಡು ಇವರನ್ನೇ ಹಿಂದೆ ಹಾಕಿ ಮುಂದೆ ಹೋಯಿತು. ಅದೊಂದೇ ಅವತ್ತು ನಮ್ಮ ಕಡೆಯಿಂದ ಗೆರೆ ದಾಟಿದ್ದು. ಇನ್ನೊಂದು ವರ್ಷ ಭಾರ ಕಡಿಮೆ ಮಾಡಬೇಕೆಂದು ಲೆಕ್ಕ ಹಾಕಿ ಹಾಕಿ ಪೆಟ್ರೋಲ್ ತುಂಬಿಸಿದರು. ಲೆಕ್ಕ ನಾನು ನೋಡುತ್ತೇನೆ ಅಂದರೆ ಕೊಡಲಿಲ್ಲ. ಇಂಜಿನಿಯರ್ ಅಲ್ಲವೇ! ಮುಗಿಯಲು ಹದಿನೈದು ನಿಮಿಷ ಇರುವಾಗ ಕಾರು ಗಪ್‌ಚುಪ್ಪಾಗಿ ಪಕ್ಕಕ್ಕೆ ಹೋಗಿ ನಿಂತಿತು. ಒಮ್ಮೆ ಗೇರಿನ ಕೋಲೇ ಕಿತ್ತು ಕೈಗೆ ಬಂತು, ಅದನ್ನು ಹಿಡಿದುಕೊಂಡೇ ನಡೆದು ಬಂದರು. ಒಂದು ವರ್ಷವಂತೂ ಆಯುಧಪೂಜೆ ಆದ ಮಾರನೇ ವಾರವೇ ರೇಸು. ಕಾರಿನ ಮೂತಿಗೆ ಕಟ್ಟಿದ್ದ ಬಾಳೆಕಂದು, ಚೆಂಡುಹೂವು ಎಲ್ಲ ಬಿಚ್ಚಿದ್ದರು, ಗಾಳಿ ಹೋಗುವ ಜಾಲರಿಯೊಳಗೆ ತುರುಕಿಕೊಂಡಿದ್ದ ಒಂದು ಹಾರ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಂಜಿನ್ನು ಕೊತಕೊತ ಕುದಿದು, ಚೆಂಡುಹೂವಿನ ಕಷಾಯದ ವಾಸನೆ ಬಂತು. ಮೇಸ್ತ್ರಿ ಮೂಗು ಮುಚ್ಚಿಕೊಂಡು, "ಶೀತಕ್ಕೆ ಒಳ್ಳೇದು ಕಣಮ್ಮ," ಅಂದರು.

ಪ್ರತಿ ಸಲವೂ ಇವರ ಬಾಯಲ್ಲಿ ಒಂದೇ ಮಾತು, "ಮುಂದಿನ ವರ್ಷ ನೋಡ್ಬುಡೋಣ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ, ಗಾಳಿ, ಟೈರು, ಪೆಟ್ರೋಲು, ಎಲ್ಲವೂ ಡೊಂಕೇ. ಕಾಲನ್ನು ಆಕ್ಸಿಲರೇಟರಿನ ಮೇಲಿಂದ ಎತ್ತದ ಇವರದು ಮಾತ್ರ ಏನೂ ತಪ್ಪಿಲ್ಲ.

ಇದರಲ್ಲಿ ನನ್ನ ಪಾಲು ಏನು ಅಂದರೆ ಕರಿಹಲಗೆ. ಬೇರೆ ತಂಡದವರು ಚಾಲಕನ ಜೊತೆ ವೈರ್‌ಲೆಸ್ಸಿನಲ್ಲಿ ಮಾತಾಡುತ್ತಾರೆ. ನಮ್ಮದು ಶಾಲೆಯಲ್ಲಿ ಬೇಡವೆಂದು ಬಿಸಾಕಿದ್ದ ಒಂದು ಸಣ್ಣ ಕರಿಹಲಗೆ. ಕಾರು ಒಂದೊಂದು ಸುತ್ತು ಬಂದಾಗಲೂ ಗೆರೆಯ ಪಕ್ಕದ ಗೋಡೆಗೆ ಒರಗಿ ನಿಂತು, ಸುತ್ತಿನ ಸಂಖ್ಯೆಯನ್ನೋ, 'ನಿಧಾನ' ಅಂತಲೋ, ಚಾಲಕ ಬದಲಾಗುವ ನಮ್ಮ ಶೆಡ್ಡಿಗೆ ಕರೆಯಲು 'ಒಳಗೆ ಬನ್ನಿ' ಅಂತಲೋ ದಪ್ಪ ಅಕ್ಷರದಲ್ಲಿ ಬರೆದು ಎತ್ತಿ ಹಿಡಿಯಬೇಕು. ಬಿಸಿಲಿನಲ್ಲಿ ಆರು ಗಂಟೆ. ಜೊತೆಗೆ ಇನ್ನೊಂದು ಕೆಲಸ. ಅರ್ಜಿಯಲ್ಲಿ ಮೂವರು ಚಾಲಕರ ಹೆಸರು ಕೇಳುತ್ತಾರೆ. ಒಂದು ಇವರದು, ಇನ್ನೊಂದು ಇವರ ಬಾಲ್ಯಸ್ನೇಹಿತ ವಕೀಲರದು. ಮೂರನೆಯವರು ಸಿಕ್ಕದೆ ಮೊದಲ ವರ್ಷವೇ ನನ್ನ ಹೆಸರು ತುಂಬಿಬಿಟ್ಟರು. "ಸುಮ್ನೆ ಹೆಸರಿಗೆ ಕಣೇ," ಅಂದರು. ಹೆಸರಿಗೆ ಅಂದರೂ ನಿಯಮ ನಿಯಮವೇ. ನಾನೂ ಲೈಸೆನ್ಸ್ ತೆಗೆದುಕೊಳ್ಳಬೇಕು, ಡಾಕ್ಟರ ಸಹಿ ತರಬೇಕು, ರೇಸಿನ ಹಿಂದಿನ ದಿನ ಮೂರು ಸುತ್ತು ಓಡಿಸಿ ತೋರಿಸಬೇಕು.

ಹೀಗೆ ಮೂವತ್ತೊಂದು ವರ್ಷ ನಾನು ವರ್ಷಕ್ಕೆ ಮೂರು ಸುತ್ತು ಓಡಿಸಿದೆ. ಸೀರೆ ತೆಗೆದಿಟ್ಟು, ವಕೀಲರ ಹಳೆಯ ರೇಸಿನ ಅಂಗಿಯನ್ನು ಪಿನ್ನು ಹಾಕಿ ಬಿಗಿ ಮಾಡಿಕೊಂಡು. ಮೂರನೇ ಸುತ್ತು ಮುಗಿಸಿ ಬಂದಾಗ ಇವರು, "ಆಯ್ತಾ? ಇಳಿ, ಇಳಿ, ಟೈರು ಸವೆಯುತ್ತೆ," ಅನ್ನುತ್ತಿದ್ದರು. ನಾನು ಇಳಿಯುತ್ತಿದ್ದೆ. ನನಗೆ ಹೇಗನ್ನಿಸಿತು ಅಂತ ಯಾರೂ ಕೇಳಲಿಲ್ಲ. ಹೇಳುವುದಕ್ಕೆ ನನಗೂ ನಾಚಿಕೆ. ಸತ್ಯ ಹೇಳಬೇಕೆಂದರೆ, ಆ ಮೂರು ಸುತ್ತಿಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ.

ಹೋದ ವರ್ಷ ಇವರಿಗೆ ಅರವತ್ತೇಳಾಯಿತು. ನಮ್ಮ ಯಾದವಗಿರಿಯ ಡಾಕ್ಟರು ರಕ್ತದೊತ್ತಡ ನೋಡಿದರು, ಮಂಡಿ ಬಗ್ಗಿಸಿ ನೋಡಿದರು, ಪೆನ್ನು ತೆಗೆದರು, ಮತ್ತೆ ಮುಚ್ಚಿದರು.

"ಸಾರ್, ಇದೇ ಕೊನೇ ಸಹಿ. ಮುಂದಿನ ವರ್ಷ ಬಂದು ನನ್ನನ್ನ ಮುಜುಗರಕ್ಕೆ ಸಿಕ್ಕಿಸ್ಬೇಡಿ. ಮೇಡಂಗೆ ಬೇಕಾದ್ರೆ ಇನ್ನೂ ಹತ್ತು ವರ್ಷ ಹಾಕ್ಕೊಡ್ತೀನಿ," ಅಂದರು.

ಇವರು ನಕ್ಕರು. ಆಚೆ ಬಂದು ಸ್ಕೂಟರಿನ ಕೀ ಹುಡುಕಿದರು, ಕೈಯಲ್ಲೇ ಇತ್ತು. ಮನೆಗೆ ಬಂದು ಕಾಫಿ ಕೊಟ್ಟಾಗ ಅಂದರು, "ಈ ಸಲ ಮುಗಿಸ್ಲೇಬೇಕು ಕಣೇ. ಕೊನೇಲಿ ಬಂದ್ರೂ ಪರವಾಗಿಲ್ಲ. ಬಾವುಟ ನೋಡ್ಬೇಕು." ಆ ಮುಖ ನೋಡಿದೆ. ಈ ಸಲ ಏನಾದರಾಗಲಿ, ಈ ಮನುಷ್ಯ ಆ ದರಿದ್ರ ಗೆರೆ ದಾಟಲಿ ಅಂತ ಚಾಮುಂಡಿಗೆ ಹರಕೆ ಹೊತ್ತೆ.

ರೇಸು ಕೊಯಮತ್ತೂರಿನ ಹತ್ತಿರ. ಅರ್ಧ ಕಾರನ್ನು ಟೆಂಪೋದ ಮೇಲೆ ಏರಿಸಿ, ಚಾಮರಾಜನಗರ ದಾಟಿ, ದಿಂಬಂ ಘಾಟಿಯ ತಿರುವುಗಳಲ್ಲಿ ವಕೀಲರು ಎರಡು ಸಲ ವಾಂತಿ ಮಾಡಿಕೊಂಡ ಮೇಲೆ, ಊರು ಸೇರಿದೆವು. ಮಾರನೆಯ ದಿನ ನನ್ನ ಮೂರು ಸುತ್ತೂ ಆಯಿತು. ಅದರ ಮಾರನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ರೇಸು ಶುರು, ಸಂಜೆ ನಾಲ್ಕಕ್ಕೆ ಬಾವುಟ. ನಿಯಮ ಸುಲಭ. ಒಬ್ಬರು ಎರಡು ಗಂಟೆಗಿಂತ ಹೆಚ್ಚು ಒಂದೇ ಸಮನೆ ಓಡಿಸುವ ಹಾಗಿಲ್ಲ. ಇಳಿದ ಮೇಲೆ ಅರ್ಧ ಗಂಟೆಯಾದರೂ ಸುಧಾರಿಸಿಕೊಳ್ಳದೆ ಮತ್ತೆ ಹತ್ತುವ ಹಾಗಿಲ್ಲ. ಹತ್ತರಿಂದ ಹನ್ನೆರಡು ಇವರು, ಹನ್ನೆರಡರಿಂದ ಎರಡು ವಕೀಲರು, ಎರಡರಿಂದ ನಾಲ್ಕು ಮತ್ತೆ ಇವರು. ಬಾವುಟ ಇವರಿಗೆ. ಇದು ಲೆಕ್ಕ.

ಲೆಕ್ಕ ಕೆಡಿಸಿದವಳು ನಾನು. ಖಾಲಿ ಹೊಟ್ಟೆಯಲ್ಲಿ ಯಾರನ್ನೂ ಹೊರಗೆ ಕಳಿಸಬಾರದು ಅನ್ನುವುದು ನಮ್ಮ ಮನೆಯ ಶಾಸ್ತ್ರ. ಬೇರೆ ತಂಡದವರು ಬಾಳೆಹಣ್ಣು ತಿಂದು, ಅದೇನೋ ಬಣ್ಣದ ನೀರು ಕುಡಿದು ಕಾರು ಹತ್ತುತ್ತಾರೆ. ನಮಗೆ ಅದೆಲ್ಲ ಊಟವೇ? ನಾನು ಬೆಳಗ್ಗೆಯೇ ಲಾಡ್ಜಿನ ಅಡುಗೆಮನೆಗೆ ನುಗ್ಗಿ, ಅಲ್ಲಿಯ ಅಡುಗೆಯವರನ್ನು ಆಚೆ ಕೂರಿಸಿ, ಒಂದು ದಬರಿ ಬಿಸಿಬೇಳೆಬಾತು ಮಾಡಿ ತಂದಿದ್ದೆ. ತುಪ್ಪ, ಬೂಂದಿ, ಸೌತೆಕಾಯಿ ಕೋಸಂಬರಿ, ಮೇಲೆ ಮೊಸರನ್ನ. ಕೊಯಮತ್ತೂರಿಗೆ ಬಂದು ನಾಲ್ಕು ಜನ ಹಸಿದುಕೊಂಡು ಹೋದರು ಅಂತ ಆಗಬಾರದಲ್ಲ! ಹನ್ನೊಂದೂವರೆಗೆ ವಕೀಲರನ್ನು ಕೂರಿಸಿ ಬಡಿಸಿದೆ.

"ಸಾಕು ಕಣ್ರೀ, ರೇಸಿದೆ," ಅಂದರು ವಕೀಲರು, ತಟ್ಟೆ ಮುಂದೆ ಚಾಚಿಕೊಂಡೇ.

"ಎರಡು ಗಂಟೆ ಕೂತಿರ್ಬೇಕು, ಶಕ್ತಿ ಬೇಡ್ವಾ?" ಅಂತ ನಾನು ಮೂರನೇ ಸಲ ಹಾಕಿದೆ.

ಹನ್ನೆರಡಕ್ಕೆ ಇವರು ಇಳಿದು ವಕೀಲರು ಹತ್ತಿದರು. ಸೀಟಿನ ಬೆಲ್ಟನ್ನು ಮೇಸ್ತ್ರಿ ಮೊಣಕಾಲು ಕೊಟ್ಟು ಎಳೆದು ಹಾಕಬೇಕಾಯಿತು. ಒಂದು ಗಂಟೆ ಹೇಗೋ ಓಡಿಸಿದರು. ಒಂದು ಗಂಟೆ ಹತ್ತು ನಿಮಿಷಕ್ಕೆ, ಯಾರೂ ಕರೆಯದೆ, ಕಾರು ತಾನೇ ಒಳಗೆ ಬಂತು. ವಕೀಲರ ಮುಖ ಹಸಿರು ಹೆಸರುಕಾಳಿನ ಬಣ್ಣ. ಆ ಬಿಸಿಲು, ಆ ಹೆಲ್ಮೆಟ್ಟು, ಆ ತಿರುವುಗಳು, ಆ ತುಪ್ಪ. ಇಳಿದವರೇ ಟಾರ್ಪಾಲಿನ ಮೇಲೆ ಉರುಳಿಕೊಂಡರು.

"ವಕೀಲ್ರು ಮಕಾಡೆ ಮನೀಕೊಂಬುಟ್ರು ಕಣಮ್ಮ," ಅಂತ ಮೇಸ್ತ್ರಿ ಕೂಗಿದರು. "ಇನ್ನು ಎದ್ದಂಗೆ!"

ಇವರ ಅರ್ಧ ಗಂಟೆ ವಿಶ್ರಾಂತಿ ಆಗಿತ್ತು. ನನ್ನ ದಬರಿಯನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿ ಕಾರು ಹತ್ತಿದರು. ಬೈದಿದ್ದರೆ ವಾಸಿಯಿತ್ತು. ಹೊಸ ಲೆಕ್ಕ ನಾನೇ ಹಾಕಿದೆ. ಇವರು ಮೂರು ಗಂಟೆ ಹತ್ತು ನಿಮಿಷದವರೆಗೆ ಓಡಿಸಬಹುದು. ಆಮೇಲೆ ಅರ್ಧ ಗಂಟೆ ಯಾರಾದರೂ ಓಡಿಸಲೇಬೇಕು. ಮೂರು ಗಂಟೆ ನಲವತ್ತಕ್ಕೆ ಇವರು ಮತ್ತೆ ಹತ್ತಿದರೆ ಕೊನೆಯ ಇಪ್ಪತ್ತು ನಿಮಿಷ ಇವರದು, ಬಾವುಟವೂ ಇವರದು. ಆ ಅರ್ಧ ಗಂಟೆಗೆ ಉಳಿದಿದ್ದವಳು ಹೆಸರಿಗೆ ಇದ್ದವಳು.

ಮೂರು ಹತ್ತಕ್ಕೆ ಕಾರು ಬಂತು. ಇವರು ಇಳಿದು, ನನ್ನ ಬೆಲ್ಟು ಬಿಗಿಯುತ್ತಾ, ತವರಿಗೆ ಬಸ್ಸು ಹತ್ತಿಸುವವರ ಹಾಗೆ ಬುದ್ಧಿ ಹೇಳಿದರು. "ಮೂರನೇ ಗೇರು ಮೆತ್ತಗೆ. ಯಾರ ಜೊತೇನೂ ಜಿದ್ದಿಗೆ ಬೀಳ್ಬೇಡ. ನೀನು ಬರೀ ಉಳಿಸ್ಕೊಂಡು ಬಾ. ಮೂರು ನಲವತ್ತಕ್ಕೆ ನಾನು ಬೋರ್ಡ್ ತೋರಿಸ್ತೀನಿ, ಒಳಗೆ ಬಂದ್ಬುಡು."

ಮೊದಲ ಮೂರು ಸುತ್ತು ನನಗೆ ಗೊತ್ತಿದ್ದ ಸುತ್ತುಗಳು. ನಾಲ್ಕನೆಯದರಲ್ಲಿ 'ಆಯ್ತಾ, ಇಳಿ' ಅನ್ನುವವರು ಯಾರೂ ಇರಲಿಲ್ಲ. ನಾನು ಹೆಲ್ಮೆಟ್ಟಿನೊಳಗೆ ಜೋರಾಗಿ ನಕ್ಕೆ. ಹಿಂದಿನಿಂದ ಯಾರಾದರೂ ಬಂದರೆ ಎಡಕ್ಕೆ ಸರಿದು, ಇಂಡಿಕೇಟರ್ ಹಾಕಿ, ಮೊದಲು ನೀವು ಹೋಗಿ ಅಂತ ಕೈ ತೋರಿಸಿದೆ. ರೇಸಿನಲ್ಲಿ ಇಂಡಿಕೇಟರ್ ಹಾಕಿದವಳು ಆ ಟ್ರ್ಯಾಕಿನಲ್ಲಿ ನಾನೊಬ್ಬಳೇ ಇರಬೇಕು. ಒಬ್ಬ ನನಗೆ ಕೈ ಮುಗಿದೇ ಹೋದ. ಎಂಜಿನ್ನಿನ ಸದ್ದು ಬದಲಾದರೆ ಕಾಲು ಎತ್ತಿದೆ. ಬಿಸಿ ತೋರಿಸುವ ಮುಳ್ಳು ಏರಿದರೆ ನಿಧಾನ ಮಾಡಿದೆ. ಹಾಲು ಉಕ್ಕುವಾಗ ಉರಿ ಸಣ್ಣ ಮಾಡುತ್ತೇವಲ್ಲ, ಅಷ್ಟೇ. ಅದಕ್ಕೆ ಇಂಜಿನಿಯರಿಂಗ್ ಓದಬೇಕಾಗಿರಲಿಲ್ಲ. ಅರ್ಧ ಕಾರು ಅವತ್ತು ಕೆಮ್ಮಲಿಲ್ಲ, ಸೀನಲಿಲ್ಲ. ಅದು ನನಗೆ ಒಗ್ಗಿಕೊಂಡಿತ್ತು, ನಾನು ಅದಕ್ಕೆ.

ಮೂರು ನಲವತ್ತಾಯಿತು. ಗೋಡೆಯ ಹತ್ತಿರ ನನ್ನ ಜಾಗದಲ್ಲಿ ಇವರು ನಿಂತಿದ್ದರು. ಹೆಲ್ಮೆಟ್ ಹಾಕಿಕೊಂಡು ತಯಾರಾಗಿ, ಎರಡು ಕೈಯಲ್ಲೂ ಕರಿಹಲಗೆ ಎತ್ತಿ ಹಿಡಿದಿದ್ದರು. 'ಒಳಗೆ ಬಾ.' ಅಕ್ಷರ ಎಷ್ಟು ದೊಡ್ಡದಾಗಿತ್ತೆಂದರೆ ಚಾಮುಂಡಿ ಬೆಟ್ಟದ ಮೇಲೆ ನಿಂತು ಓದಬಹುದಿತ್ತು. ನನಗೆ ಕಾಣಿಸಿತು. ಇನ್ನೊಂದೇ ಒಂದು ಸುತ್ತು ಅಂದುಕೊಂಡೆ.

ಮುಂದಿನ ಸುತ್ತಿಗೆ ಇವರು ಗೋಡೆಯ ಮೇಲೆ ಬಗ್ಗಿ ಹಲಗೆ ಅಲ್ಲಾಡಿಸುತ್ತಿದ್ದರು. ಇನ್ನೊಂದು ಅಂದುಕೊಂಡೆ. ಅದರ ಮುಂದಿನದಕ್ಕೆ ಪಕ್ಕದಲ್ಲಿ ಮೇಸ್ತ್ರಿ ಅಂಗಿ ಬಿಚ್ಚಿ ಬೀಸುತ್ತಿದ್ದರು. ನಾಲ್ಕನೆಯದಕ್ಕೆ ವಕೀಲರೂ ಎದ್ದು ಬಂದು ಗೋಡೆ ಹಿಡಿದುಕೊಂಡು ನಿಂತಿದ್ದರು, ಪಾಪ. ಐದನೆಯದಕ್ಕೆ ಇವರು ಹಲಗೆ ಅಲ್ಲಾಡಿಸುತ್ತಿರಲಿಲ್ಲ, ಸುಮ್ಮನೆ ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಆಗಲಾದರೂ ನಾನು ತಿರುಗಿಸಬೇಕಿತ್ತು. ತಿರುವಿನ ಹತ್ತಿರ ಕೈ ಇಂಡಿಕೇಟರಿನವರೆಗೂ ಹೋಯಿತು. ವಾಪಸು ಬಂತು. ಆಸೆ ಅನ್ನುವುದು ಎಂಥ ಕೆಟ್ಟದ್ದು ನೋಡಿ. ಹೀಗೆ ಹಲಗೆ ಕಂಡ ಮೇಲಿನ ಎಂಟನೆಯ ಸುತ್ತಿನ ಕೊನೆಯಲ್ಲಿ ಒಬ್ಬ ದಪ್ಪ ಮನುಷ್ಯ ಮೇಜಿನ ಮೇಲೆ ಹತ್ತಿ ಚೌಕುಳಿ ಬಾವುಟ ಬೀಸಿದ. ನಾನು ಅದರ ಕೆಳಗೆ ಹಾದು ಹೋದೆ. ಕೊನೆಯ ಸ್ಥಾನ. ಆದರೆ ಮುಗಿಸಿದವರ ಪಟ್ಟಿಯಲ್ಲಿ.

ಕಾರು ನಿಲ್ಲಿಸಿ ಇಳಿದೆ. ಇವರು ಓಡಿ ಬಂದರು. ಬಂದವರು ಮೊದಲು ಕಾರಿನ ಬಾನೆಟ್ಟನ್ನು ಸವರಿದರು, ಆಮೇಲೆ ನನ್ನ ಕೈ ಹಿಡಿದರು. ಕಣ್ಣಲ್ಲಿ ನೀರಿತ್ತು. ಯಾವುದಕ್ಕೆ ಬಂದ ನೀರು ಅಂತ ನಾನು ಕೇಳಲಿಲ್ಲ.

"ಬೋರ್ಡು ಕಾಣಿಸ್ಲಿಲ್ವೇನೇ?"

"ಇಲ್ಲ ಕಣ್ರೀ," ಅಂದೆ. "ಬಿಸಿಲು ಕಣ್ಣಿಗೆ ಹೊಡೀತಿತ್ತು."

"ಬಿಸಿಲು ನಿನ್ನ ಬೆನ್ನ ಹಿಂದಿತ್ತಲ್ಲ?"

ನಾನು ನೀರು ಕೇಳಿದೆ. ಮೇಸ್ತ್ರಿ ನನ್ನ ಮುಖ ನೋಡಲಿಲ್ಲ, ಎಲ್ಲೋ ನೋಡಿಕೊಂಡು ಲೋಟ ಕೊಟ್ಟರು. ಇವರು ಮಾತ್ರ ನನ್ನ ಮಾತನ್ನು ಪೂರ್ತಿ ನಂಬಿದರು. ಕೊಳೆತ ಬದನೆಕಾಯಿಯವಳನ್ನು ನಂಬಿದ ಹಾಗೆ ನಂಬಿದರು.

ಮೈಸೂರಿಗೆ ಬಂದ ಮೇಲೆ ಶುರುವಾಯಿತು ನನ್ನ ಶಿಕ್ಷೆ. ಬೆಳಗ್ಗೆ ಪೇಪರನ್ನು ಹಜಾರದ ಆ ಕೊನೆಯಲ್ಲಿ ಹಿಡಿದು, "ಈ ತಲೆಬರಹ ಓದು ನೋಡೋಣ," ಅನ್ನುವರು. ಮೆಟ್ಟಿಲು ಇಳಿಯುವಾಗ ಮೊಣಕೈ ಹಿಡಿಯುವರು. ಅಕ್ಕಿಯಲ್ಲಿ ಕಲ್ಲು ನಾನು ಆರಿಸಿದ ಮೇಲೆ ಕದ್ದು ತಾವೊಂದು ಸಲ ಆರಿಸುವರು. ಒಂದು ದಿನ ತಡೆಯಲಾರದೆ ರೇಗಿದೆ.

"ಏನ್ರೀ ನಿಮ್ದು ಗೋಳು? ನನಗೇನೂ ಆಗಿಲ್ಲ!"

"ನಿಮ್ಮ ಅಮ್ಮಂಗೂ ಹಿಂಗೇ ಶುರುವಾಗಿದ್ದು ಕಣೇ," ಅಂದರು ಮೆಲ್ಲಗೆ. "ಅಷ್ಟು ದೊಡ್ಡ ಅಕ್ಷರ, ಎಂಟು ಸಲ ಕಾಣಿಸ್ಲಿಲ್ಲ ಅಂದ್ರೆ..."

ನಮ್ಮ ಅಮ್ಮ ಕೊನೆಯ ಆರು ವರ್ಷ ಪೂರ್ತಿ ಕಣ್ಣು ಕಾಣದೆ ನಮ್ಮ ಮನೆಯಲ್ಲೇ ಇದ್ದಳು. ಅವಳನ್ನು ಕೈ ಹಿಡಿದು ಅಂಗಳದಲ್ಲಿ ಓಡಾಡಿಸುತ್ತಿದ್ದವರು ಇವರೇ. ಆಗಲೇ ಹೇಳಿಬಿಡಬೇಕಿತ್ತು, ಧೈರ್ಯ ಸಾಲಲಿಲ್ಲ. ಇವರು ಕಣ್ಣಿನ ಡಾಕ್ಟರ ಹತ್ತಿರ ಹೆಸರು ಬರೆಸಿ ಬಂದುಬಿಟ್ಟಿದ್ದರು.

ಕಣ್ಣಿನ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ಕಂಡ ತಕ್ಷಣ ಎದ್ದು ನಿಂತು, "ಮಿಸ್, ನಾನೇ, ಕೊನೇ ಬೆಂಚು, ಲೆಕ್ಕದಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದಿದ್ನಲ್ಲ," ಅಂತ ಪರಿಚಯ ಹೇಳಿಕೊಂಡ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಕಣ್ಣು ಮುಚ್ಚಿದ. ಎದುರು ಗೋಡೆಯಲ್ಲಿ ಕನ್ನಡ ಅಕ್ಷರಗಳ ಹಲಗೆ, ಮೇಲೆ ಕುಂಬಳಕಾಯಿಯಷ್ಟು ದೊಡ್ಡವು, ಕೆಳಗೆ ಸಾಸಿವೆಯಷ್ಟು ಸಣ್ಣವು. ಯಜಮಾನರು ಮೂಲೆಯ ಸ್ಟೂಲಿನ ಮೇಲೆ ಕೂತರು.

"ಓದಿ ಮಿಸ್, ಎಲ್ಲೀತನಕ ಕಾಣತ್ತೋ ಅಲ್ಲೀತನಕ."

ಮೊದಲ ಸಾಲು ಓದಿದೆ. ಎರಡನೆಯದು ಓದಿದೆ. ಮೂರನೆಯ ಸಾಲಿಗೆ ಬಂದಾಗ ನನಗೆ ಹೊಳೆಯಿತು. ಇಲ್ಲೇ ನಿಲ್ಲಿಸಿ 'ಕಾಣಿಸ್ತಿಲ್ಲ' ಅಂದುಬಿಟ್ಟರೆ ಒಂದು ಕನ್ನಡಕ ಕೊಡುತ್ತಾನೆ. ಕತೆ ಮುಗಿಯಿತು. ನಾನು ಬಚಾವು. ಜೀವಮಾನವೆಲ್ಲ ಪರೀಕ್ಷೆಯಲ್ಲಿ ಮೋಸ ಮಾಡುವವರನ್ನು ಹಿಡಿದವಳು ನಾನು. ಮೋಸ ಮಾಡುವುದು ಎಷ್ಟು ಸುಲಭ ಅಂತ ಅವತ್ತು ಗೊತ್ತಾಯಿತು.

"ಮಿಸ್?"

ನಾನು ತಿರುಗಿ ಮೂಲೆಯ ಕಡೆ ನೋಡಿದೆ. ಇವರು ಕಣ್ಣು ಮುಚ್ಚಿಕೊಂಡು, ಎರಡು ಕೈಯನ್ನೂ ತೊಡೆಯ ಮಧ್ಯೆ ಒತ್ತಿಕೊಂಡು, ತುಟಿ ಅಲ್ಲಾಡಿಸುತ್ತಿದ್ದರು. ದೇವಸ್ಥಾನಕ್ಕೆ ಕರೆದರೆ ಚಪ್ಪಲಿ ಕಾಯುತ್ತೇನೆ ಅನ್ನುವ ಮನುಷ್ಯ. ನನ್ನ ಕಣ್ಣಿಗಾಗಿ ಬೇಡಿಕೊಳ್ಳುತ್ತಿದ್ದರು.

ನಾನು ಮೂರನೆಯ ಸಾಲು ಓದಿದೆ. ನಾಲ್ಕು, ಐದು, ಆರು. ತರಗತಿಯಲ್ಲಿ ಓದುವ ಹಾಗೆ ಗಟ್ಟಿಯಾಗಿ, ಕೊಟ್ಟ ಕೊನೆಯ ಸಾಲಿನ ಕೊಟ್ಟ ಕೊನೆಯ ಅಕ್ಷರದವರೆಗೂ ಓದಿದೆ. ಅವನು ಇನ್ನೊಂದು ಕಣ್ಣು ಮುಚ್ಚಿದ. ಅದರಲ್ಲೂ ಅಷ್ಟೂ ಓದಿದೆ.

"ಹದಿನೆಂಟರ ಹುಡುಗೀರಿಗಿಲ್ಲ ಮಿಸ್ ಈ ದೃಷ್ಟಿ!" ಅಂದ ಅವನು ಖುಷಿಯಿಂದ. "ಏನೂ ತೊಂದ್ರೆ ಇಲ್ಲ ಸಾರ್. ದೂರದ್ದಂತೂ ಚೆನ್ನಾಗಿ ಕಾಣತ್ತೆ ಇವರಿಗೆ."

ಮೂಲೆಯಿಂದ ಒಂದು ಉದ್ದನೆಯ ಉಸಿರು ಬಂತು. "ಅಬ್ಬ, ದೇವರು ದೊಡ್ಡವನು," ಅಂದರು. ಆಮೇಲೆ ಸ್ಟೂಲು ಒಂದು ಸಲ ಕಿರುಗುಟ್ಟಿತು. ಲೆಕ್ಕ ಅವರ ತಲೆಯಲ್ಲಿ ಒಂದೊಂದೇ ಹೆಜ್ಜೆ ಕೂಡಿಕೊಳ್ಳುತ್ತಿದ್ದದ್ದು ನನಗೆ ಬೆನ್ನಿಗೇ ಗೊತ್ತಾಗುತ್ತಿತ್ತು. ಡಾಕ್ಟರಿಗೆ ಕೈ ಮುಗಿದು ಆಚೆ ಬಂದೆವು. ನನ್ನ ಮೊಣಕೈಯನ್ನು ಇವರು ಹಿಡಿಯಲಿಲ್ಲ.

ಮೆಟ್ಟಿಲ ಹತ್ತಿರ ನಿಂತರು.

"ನಾನಾಗಿದ್ರೂ ನಿಲ್ಲಿಸ್ತಿರ್ಲಿಲ್ಲ ಕಣೇ," ಅಂದರು.

ನನಗೆ ಅಲ್ಲೇ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅಷ್ಟು ಜನರ ಮುಂದೆ, ಅಳು ಬಂದುಬಿಟ್ಟಿತು. ಸೆರಗಿನಿಂದ ಮುಖ ಮುಚ್ಚಿಕೊಂಡೆ. ಇವರು ಗೋಡೆ ಹಿಡಿದುಕೊಂಡು, ಆ ಹಾಳು ಮಂಡಿಯನ್ನು ಎಳೆದುಕೊಂಡು ಮೂರು ಮೆಟ್ಟಿಲು ಇಳಿದರು. ಅಲ್ಲಿ ನಿಂತು, ಹಿಂದೆ ತಿರುಗದೆ, ಇನ್ನೊಂದು ಮಾತು ಹೇಳಿದರು.

"ಆದ್ರೆ ನೀನು ನಿಲ್ಲಿಸ್ತೀಯ ಅಂದ್ಕೊಂಡಿದ್ದೆ."